ತೇಗು ಬಂತು ಅಂತ ಸುಮ್ಮನಾಗಬೇಡಿ

ಮಕ್ಕಳೇ, ಕಳೆದ ಭಾನುವಾರ ನನ್ನ ಮೊಮ್ಮಗಳು ಜಗಲಿಯಲ್ಲಿ ಕುಳಿತು ಹೃದಯದ ಚಿತ್ರಕ್ಕೆ ಕೆಂಪು, ನೀಲಿ ಬಣ್ಣ ತುಂಬುತ್ತಿದ್ದಳು. ಇದ್ದಕ್ಕಿದ್ದಂತೆ ತಲೆ ಎತ್ತಿ, “ಅಜ್ಜ, ಎದೆನೋವು ಬಂದಾಗ ಅದು ಗ್ಯಾಸ್ಟ್ರಿಕ್ಕೋ ಹಾರ್ಟ್ ಅಟ್ಯಾಕೋ ಅಂತ ಮನೆಯಲ್ಲಿ ಹೇಗೆ ಗೊತ್ತಾಗತ್ತೆ?” ಎಂದು ಕೇಳಿದಳು.

ಒಂದು ಕ್ಷಣ ನನಗೆ ಮಾತು ಹೊರಡಲಿಲ್ಲ. ಈ ಪ್ರಶ್ನೆಗೆ ಒಮ್ಮೆ ತಪ್ಪು ಉತ್ತರ ಕೊಟ್ಟವನು ನಾನೇ. ಅದು ಅವಳಿಗೂ ಗೊತ್ತು.

ಕೆಲವು ವರ್ಷಗಳ ಹಿಂದಿನ ಮಾತು. ತುಳಸಿ ಹಬ್ಬದ ಮರುದಿನ ಬೆಳಗಿನ ಜಾವ 4 ಗಂಟೆಗೆ ನನ್ನ ಅಣ್ಣ ಹಾಸಿಗೆಯಲ್ಲಿ ಎದ್ದು ಕುಳಿತ. “ಎದೆ ಮೇಲೆ ಯಾರೋ ಮಣೆ ಹಾಕಿ ಕೂತ ಹಾಗಾಗ್ತಿದೆ ಮಾರಾಯ” ಅಂದ. ಚಳಿಯಲ್ಲೂ ಬನಿಯನ್ ಬೆವರಿನಿಂದ ಒದ್ದೆಯಾಗಿತ್ತು. “ರಾತ್ರಿ ಹೋಳಿಗೆ ಜಾಸ್ತಿಯಾಯ್ತು, ಗ್ಯಾಸ್ಟ್ರಿಕ್ ಅಷ್ಟೆ” ಅಂದೆ ನಾನು. ಜೀರಿಗೆ, ಓಂಕಾಳು ಕುದಿಸಿ ಕಷಾಯ ಮಾಡಿಕೊಟ್ಟೆ. ಕುಡಿದ ಮೇಲೆ ದೊಡ್ಡದೊಂದು ತೇಗು ಬಂತು. ಮನೆಯವರೆಲ್ಲ ಸಮಾಧಾನದಿಂದ ಮತ್ತೆ ಮಲಗಿದೆವು. ಅಣ್ಣನಿಗೆ ಮಾತ್ರ ನಿದ್ದೆ ಬರಲಿಲ್ಲ. “ಎಡಗೈ ಜೋಮು ಹಿಡಿದಿದೆ” ಅಂದಾಗ ಅತ್ತಿಗೆ ನೋವಿನೆಣ್ಣೆ ತಿಕ್ಕಿದರು. 7 ಗಂಟೆಗೆ ಹಾಲು ಕೊಡಲು ಬಂದ ಹುಡುಗ “ಅಜ್ಜನ ಮುಖ ಯಾಕೆ ಹೀಗೆ ಬಿಳುಚಿಕೊಂಡಿದೆ?” ಅಂತ ಕೇಳಿದ ಮೇಲೆಯೇ ನಮಗೆ ಎಚ್ಚರವಾಗಿದ್ದು. ಅಷ್ಟು ಹೊತ್ತಿಗೆ 3 ಗಂಟೆ ಕಳೆದುಹೋಗಿತ್ತು.

ಅಣ್ಣ ಉಳಿದ. ಆದರೆ ಆ 3 ಗಂಟೆಯಲ್ಲಿ ಕಳೆದುಕೊಂಡಿದ್ದು ಮರಳಿ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಮುಷ್ಟಿ ಬಿಗಿಹಿಡಿಯಿರಿ. ನಿಮ್ಮ ಹೃದಯ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ನಿಮಿಷಕ್ಕೆ 72 ಬಾರಿ ಬಡಿಯುತ್ತದೆ ಅಂದುಕೊಂಡರೆ ದಿನಕ್ಕೆ ಎಷ್ಟಾಯಿತು, ಗುಣಿಸಿ ನೋಡಿ. ಒಂದು ಲಕ್ಷ ದಾಟುತ್ತದೆ. ಇಷ್ಟೊಂದು ದುಡಿಯುವ ಸ್ನಾಯುವಿಗೂ ಊಟ ಬೇಕಲ್ಲ? ತನ್ನೊಳಗೆ ರಕ್ತ ತುಂಬಿಕೊಂಡಿದ್ದರೂ ಹೃದಯ ಅದನ್ನು ನೇರವಾಗಿ ಹೀರಿಕೊಳ್ಳುವುದಿಲ್ಲ. ಅದರ ಮೈಮೇಲೆ ಹರಡಿರುವ ಸಣ್ಣ ರಕ್ತನಾಳಗಳೇ ಅದಕ್ಕೆ ರಕ್ತ ತಂದುಕೊಡಬೇಕು. ತೋಟದ ಪಕ್ಕ ಕೆರೆ ತುಂಬಿದ್ದರೂ ಅಡಿಕೆ ಮರದ ಬುಡಕ್ಕೆ ನೀರು ಕಾಲುವೆಯಿಂದಲೇ ಬರಬೇಕು, ಹಾಗೆ. ಈ ನಾಳಗಳ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕಟ್ಟುತ್ತಾ ಹೋಗುತ್ತದೆ. ಒಂದು ದಿನ ಆ ಪದರ ಬಿರುಕು ಬಿಟ್ಟು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಕಾಲುವೆ ಮುಚ್ಚಿಬಿಡುತ್ತದೆ. ಆಚೆಗಿನ ಸ್ನಾಯು ರಕ್ತವಿಲ್ಲದೆ ಸಾಯತೊಡಗುತ್ತದೆ. ಚರ್ಮ ಸುಲಿದರೆ ಮತ್ತೆ ಬೆಳೆಯುತ್ತದೆ, ಸತ್ತ ಹೃದಯದ ಸ್ನಾಯು ಬೆಳೆಯುವುದಿಲ್ಲ. ಅಣ್ಣ ಈಗ ತೋಟದ ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಾನೆ.

ಮೊಮ್ಮಗಳಿಗೆ ನಾನು ಕೊಟ್ಟ ಉತ್ತರ ಇಷ್ಟೆ: “ಮನೆಯಲ್ಲಿ ಯಾರಿಗೂ ಗೊತ್ತಾಗಲ್ಲ ಪುಟ್ಟಿ. ತೇಗಿಗೂ ಗೊತ್ತಾಗಲ್ಲ, ಅಜ್ಜನಿಗೂ ಗೊತ್ತಾಗಲ್ಲ. ಇಸಿಜಿ ಮಾಡಿಸಿಯೇ ನೋಡಬೇಕು.”

ಇಸಿಜಿ ಎಂದರೆ ಹೃದಯದೊಳಗಿನ ವಿದ್ಯುತ್ತಿನ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವುದು. ನೆದರ್ಲೆಂಡ್ಸ್ ದೇಶದ ವಿಲ್ಲೆಮ್ ಐಂಥೋವನ್ ನೂರಿಪ್ಪತ್ತು ವರ್ಷಗಳ ಹಿಂದೆ ಇದಕ್ಕೊಂದು ದೊಡ್ಡ ಯಂತ್ರ ಕಟ್ಟಿದಾಗ, ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು! ಆ ಕೆಲಸಕ್ಕೆ 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಈಗಿನ ಯಂತ್ರ ಚೀಲದಲ್ಲಿ ಹಿಡಿಸುತ್ತದೆ, ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಒಂದು ಮಾತು ನೆನಪಿಡಿ: ಮೊದಲ ಇಸಿಜಿ ಸರಿಯಾಗಿದ್ದೂ ನೋವು ಹೋಗಿಲ್ಲ ಅಂದರೆ ಮನೆಗೆ ಬರಬಾರದು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಇಸಿಜಿ ತೆಗೆಯುತ್ತಾರೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯನ್ನೂ ಮಾಡುತ್ತಾರೆ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡಿದ್ದು ನಿಮಗೆಲ್ಲ ನೆನಪಿರಬಹುದು. ಅವರ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ‘ಹೃದಯ ಜ್ಯೋತಿ’ ಯೋಜನೆ ಇದೆ. ಈ ಯೋಜನೆಯಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂಡಲೇ ನೋಡಿ ಹೇಳುತ್ತಾರೆ. ಬೇಕೆಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ನೋವು ಶುರುವಾದ 12 ಗಂಟೆಯೊಳಗೆ ಕೊಡಬಹುದಾದರೂ ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಫಲ ಬಹಳ ಹೆಚ್ಚು. ಆಮೇಲೆ ಆಂಜಿಯೋಗ್ರಾಂಗೆ ಜಿಲ್ಲೆಗೋ, ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವಕ್ಕೋ ಕಳಿಸುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆಯೇ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ವಿಚಾರಿಸಲು ಆಗುವುದಿಲ್ಲ.

ಅಜ್ಜಿಯಂದಿರಿಗೆ ಬೇರೆಯಾಗಿ ಹೇಳಬೇಕು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಬರೀ ಏದುಸಿರು, ವಾಕರಿಕೆ, ಬೆನ್ನು ಅಥವಾ ದವಡೆಯಲ್ಲಿ ನೋವು, ಎಂದೂ ಇಲ್ಲದಷ್ಟು ಸುಸ್ತು. “ಈ ಹೊತ್ತಲ್ಲಿ ಮಕ್ಕಳನ್ನು ಯಾಕೆ ಎಬ್ಬಿಸೋದು” ಅಂತ ಸೆರಗು ಹೊದ್ದು ಮಲಗಬೇಡಿ. ಆಸ್ಪತ್ರೆಗೆ ಹೋಗಿ “ಏನಿಲ್ಲಮ್ಮ, ಗ್ಯಾಸ್ಟ್ರಿಕ್ಕೇ” ಅನ್ನಿಸಿಕೊಂಡು ಬಂದರೆ ಅದೇನು ಅವಮಾನವಲ್ಲ. ಹಾಗೆಯೇ, ಜೋರಾಗಿ ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ ಎಂದು ವಾಟ್ಸಾಪಿನಲ್ಲಿ ಸುತ್ತುವ ಸಂದೇಶ ಸುಳ್ಳು. ನನಗೇ ಎಷ್ಟೋ ಸಲ ಬಂದಿದೆ.

ಮಕ್ಕಳೇ, ಅಂಥ ಹೊತ್ತಿನಲ್ಲಿ ನಿಮಗೂ ಕೆಲಸವಿದೆ. 108ಕ್ಕೆ ಫೋನ್ ಮಾಡಿ, ಊರಿನ ಹೆಸರಿನ ಜೊತೆಗೆ ಮನೆಯ ಗುರುತು ಹೇಳಿ: ಶಾಲೆಯ ಎದುರು, ಅರಳಿಕಟ್ಟೆಯ ಪಕ್ಕ, ಹೀಗೆ. ಹೊರಗಿನ ದೀಪ ಹಾಕಿ, ಗೇಟು ತೆಗೆದು, ನಾಯಿ ಕಟ್ಟಿಹಾಕಿ. ಅಜ್ಜನನ್ನು ಮೆಟ್ಟಿಲು ಇಳಿಯಲು, ಸ್ಕೂಟರ್ ಓಡಿಸಲು ಬಿಡಬೇಡಿ, ಒರಗಿಸಿ ಕೂರಿಸಿ. ಅಜ್ಜ ಕುಸಿದುಬಿದ್ದು ಉಸಿರೇ ಇಲ್ಲವಾದರೆ ದೊಡ್ಡವರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಾ ಇರಬೇಕು. ಇದನ್ನು ಓದಿ ಕಲಿಯುವುದು ಕಷ್ಟ. ಶಾಲೆಯಲ್ಲಿ ಯಾರಾದರೂ ತೋರಿಸಿಕೊಡಲು ಬಂದರೆ ತಪ್ಪಿಸಿಕೊಳ್ಳಬೇಡಿ.

ಇನ್ನು, ಈ ಸ್ಥಿತಿ ಬಾರದಂತೆ ಏನು ಮಾಡಬೇಕು? ಹೊಗೆಸೊಪ್ಪು, ಬೀಡಿ ಬಿಡಬೇಕು, ದಿನವೂ ನಡೆಯಬೇಕು. ಇದೆಲ್ಲ ನೀವು ಕೇಳಿದ್ದೇ. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯೂ ಅದರಲ್ಲೇ ಬಂತು. ಆದರೆ ನಾನು ಕಂಡಂತೆ ಹಿರಿಯರು ಹೆಚ್ಚಾಗಿ ಎಡವುವುದು ಮಾತ್ರೆಯ ವಿಷಯದಲ್ಲಿ. “ಬಿಪಿ ನಾರ್ಮಲ್ ಬಂತು” ಅಂತ ಮಾತ್ರೆ ನಿಲ್ಲಿಸಿಬಿಡುತ್ತಾರೆ. ನಾರ್ಮಲ್ ಬಂದದ್ದೇ ಮಾತ್ರೆಯಿಂದ! ಅಣ್ಣನೂ ನಿಲ್ಲಿಸಿದ್ದ. ಹಬ್ಬಕ್ಕೆ ಎರಡು ತಿಂಗಳ ಮುಂಚೆ.

ಈಗ ಆ ಲೆಕ್ಕ ಮೊಮ್ಮಗಳ ಕೈಯಲ್ಲಿದೆ. ದೊಡ್ಡಜ್ಜನ ಹಳೆಯ ಇಸಿಜಿ, ಮಾತ್ರೆ ಚೀಟಿ, ಆಧಾರ್ ಪ್ರತಿ ಎಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದಾಳೆ. ಹಳೆಯ ಇಸಿಜಿ ಇದ್ದರೆ ಹೊಸದರ ಜೊತೆ ಹೋಲಿಸಲು ಡಾಕ್ಟರಿಗೆ ಅನುಕೂಲ. ಮಾತ್ರೆ ನುಂಗಿದ ದಿನ ತಾರೀಖಿನ ಮೇಲೆ ಹಸಿರು ಗುರುತು, ತಪ್ಪಿಸಿದರೆ ಕೆಂಪು. ಮೊನ್ನೆ ಗುರುವಾರಕ್ಕೆ ಕೆಂಪು ಬಿದ್ದಿತ್ತು. “ಮರೆತೆ ಕಣೇ, ಹಸಿರು ಹಾಕು” ಅಂತ ಅಣ್ಣ ಪುಸಲಾಯಿಸಿದ. ಅವಳು ಹಾಕಲಿಲ್ಲ.