ಕೊಂಡ ಯಂತ್ರಕ್ಕಿಂತ ಕಟ್ಟಿದ ಯಂತ್ರ ಮೇಲು

ಶಾಲೆಗೆ ಯಂತ್ರವೊಂದನ್ನು ದಾನವಾಗಿ ನೀಡುವುದು ಸತ್ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪೆಟ್ಟಿಗೆಯಿಂದ ಹೊರತೆಗೆದು, ಹೂಮಾಲೆ ಹಾಕಿ, ಗಣ್ಯರ ಹಸ್ತದಿಂದ ಚಾಲನೆಗೊಳಿಸಿದ ಯಂತ್ರವು ಮುಂದೆ ಬೀಗ ಹಾಕಿದ ಕೊಠಡಿಯಲ್ಲಿ ಧೂಳು ಹಿಡಿದು ಕುಳಿತರೆ, ಅದರಿಂದ ವಿದ್ಯಾರ್ಥಿಗೆ ಒದಗಿದ ವಿದ್ಯೆ ಯಾವುದು? ಕೆಟ್ಟೀತೆಂಬ ಭಯದಿಂದ ಮಕ್ಕಳು ಮುಟ್ಟಲಾಗದ ಬೆಲೆಬಾಳುವ ಉಪಕರಣಕ್ಕಿಂತ, ಅವರೇ ಕಟ್ಟಿ, ಕೆಡಿಸಿ, ಸರಿಪಡಿಸಿದ ಅಗ್ಗದ ಉಪಕರಣವೇ ಶಾಲೆಗೆ ದೊಡ್ಡ ಆಸ್ತಿ. ಮರಗೆಲಸದ ಸಿ.ಎನ್.ಸಿ. ಯಂತ್ರದ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಅಂಕಿಗಳ ಆಜ್ಞೆಯಂತೆ, ಸುತ್ತುವ ಅಲಗೊಂದನ್ನು ಉದ್ದ, ಅಗಲ, ಆಳಗಳೆಂಬ ಮೂರು ದಿಕ್ಕುಗಳಲ್ಲಿ ನಡೆಸಿ ಮರವನ್ನು ಕೊರೆಯುವುದೇ ಈ ಯಂತ್ರದ ಕಾರ್ಯ. ಹೆಲಿಕಾಪ್ಟರಿನ ರೆಕ್ಕೆಗಳ ತಯಾರಿಕೆಯಲ್ಲಿ ತೊಡಗಿದ್ದ ಅಮೆರಿಕದ ಜಾನ್ ಪಾರ್ಸನ್ಸ್ ಎಂಬವರು ಈ ವಿಚಾರಕ್ಕೆ ಮೊದಲಿಗರು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು 1952ರಲ್ಲಿ ಇಂತಹ ಯಂತ್ರವನ್ನು ಪ್ರದರ್ಶಿಸಿದಾಗ, ಅದರ ನಿಯಂತ್ರಣಕ್ಕೆ ನೂರಾರು ನಿರ್ವಾತ ನಳಿಕೆಗಳುಳ್ಳ ದೊಡ್ಡ ಕಪಾಟು ಬೇಕಾಗಿತ್ತು. ಆ ಕೆಲಸವನ್ನು ಇಂದು ಅಂಗೈಯಗಲದ ಫಲಕವೊಂದು ಮಾಡುತ್ತದೆ. ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದೇ ರೂಪಿಸಿದ ಆರ್ಡುಯಿನೊ ಫಲಕವೂ, ಅದರ ಮೇಲೆ ನಡೆಯುವಂತೆ ನಾರ್ವೆಯ ಸಿಮೆನ್ ಸ್ವಾಲೆ ಸ್ಕಾಗ್ಸ್ರುಡ್ 2009ರಲ್ಲಿ ಬರೆದ ಜಿ.ಆರ್.ಬಿ.ಎಲ್. ಎಂಬ ತಂತ್ರಾಂಶವೂ ಈ ಮಾರ್ಗವನ್ನು ಸುಗಮಗೊಳಿಸಿದವು. ಆ ತಂತ್ರಾಂಶವನ್ನು ಯಾರು ಬೇಕಾದರೂ ಹಣ ತೆರದೆ ಪಡೆಯಬಹುದು, ತಿದ್ದಬಹುದು, ಹಂಚಬಹುದು. ದಾಸೋಹದ ಅರ್ಥವನ್ನು ಬಲ್ಲವರಿಗೆ ಇದರ ಹಿರಿಮೆಯನ್ನು ವಿವರಿಸಬೇಕಿಲ್ಲ.

ಆರಂಭ ಸಣ್ಣದಾಗಿರಬೇಕು. ಒಂದಡಿ ಉದ್ದ, ಮುಕ್ಕಾಲು ಅಡಿ ಅಗಲದ ಹಲಗೆಯನ್ನು ಕೊರೆಯಬಲ್ಲ ಯಂತ್ರ ಮೊದಲ ಪ್ರಯತ್ನಕ್ಕೆ ಸಾಕು. ದಪ್ಪ ಪ್ಲೈವುಡ್ಡಿನ ಚೌಕಟ್ಟು, ಉಕ್ಕಿನ ನಯವಾದ ಸರಳುಗಳು, ತಿರುಪುದಂಡಗಳು, ಮೂರು ಸ್ಟೆಪ್ಪರ್ ಮೋಟಾರುಗಳು ಮತ್ತು ಅವುಗಳ ಚಾಲಕಗಳು, ವಿದ್ಯುತ್ ಪೂರೈಕೆಯ ಪೆಟ್ಟಿಗೆ, ಅಲಗನ್ನು ತಿರುಗಿಸುವ ಚಿಕ್ಕ ಮೋಟಾರು: ಮುಖ್ಯ ಸಾಮಗ್ರಿ ಇಷ್ಟೇ. ಕಚೇರಿಗಳು ಮೂಲೆಗೆಸೆದ ಹಳೆಯ ಮುದ್ರಣ ಯಂತ್ರಗಳಲ್ಲಿ ಸ್ಟೆಪ್ಪರ್ ಮೋಟಾರುಗಳೂ ಸರಳುಗಳೂ ದೊರೆಯುತ್ತವೆ. ಅವು ಮರ ಕೊರೆಯುವಷ್ಟು ಬಲವುಳ್ಳವಲ್ಲದಿದ್ದರೂ ಕಲಿಕೆಗೆ ಒದಗುತ್ತವೆ. ಮೊದಲು ಅಲಗಿನ ಬದಲು ಲೇಖನಿಯನ್ನು ಕಟ್ಟಿ, ಕಾಗದದ ಮೇಲೆ ಚೌಕವೊಂದನ್ನು ಬರೆಯಿಸಬೇಕು. ಅದರ ಎರಡು ಕರ್ಣಗಳು ಸಮವಾಗದಿದ್ದರೆ ಚೌಕಟ್ಟು ಓರೆಯಾಗಿದೆಯೆಂದು ವಿದ್ಯಾರ್ಥಿಗೆ ತಾನಾಗಿ ತಿಳಿಯುತ್ತದೆ. ರೇಖಾಗಣಿತದ ಪ್ರಮೇಯವು ಆ ಕ್ಷಣದಲ್ಲಿ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಅಂಕಗಣಿತಕ್ಕೂ ಇಲ್ಲಿ ಹೊಸ ಜೀವ ಬರುತ್ತದೆ. ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆಗಳನ್ನಿಡುತ್ತದೆ. ಚಾಲಕವು ಪ್ರತಿ ಹೆಜ್ಜೆಯನ್ನು ಎಂಟಾಗಿ ಒಡೆದರೆ 1600 ಆಗುತ್ತದೆ. ತಿರುಪುದಂಡ ಒಂದು ಸುತ್ತಿಗೆ 8 ಮಿ.ಮೀ. ಸರಿಸುವುದಾದರೆ, ಒಂದು ಮಿ.ಮೀ.ಗೆ 200 ಸೂಕ್ಷ್ಮ ಹೆಜ್ಜೆಗಳು. ಈ ಲೆಕ್ಕ ತಪ್ಪಿದ ಬಾಲಕನನ್ನು ಗುರುಗಳು ಗದರಿಸಬೇಕಿಲ್ಲ, ವಕ್ರವಾಗಿ ಬಂದ ಹಲಗೆಯೇ ಅವನನ್ನು ತಿದ್ದುತ್ತದೆ.

ಯಂತ್ರವು ಕೈಯ ಕುಶಲತೆಯನ್ನು ನುಂಗಿಬಿಡುವುದೆಂದು ಹಿರಿಯ ಶಿಕ್ಷಕರು ಶಂಕಿಸುವುದುಂಟು. ಸಾಗರ, ಸೊರಬಗಳ ಗುಡಿಗಾರರ ಗಂಧದ ಕೆತ್ತನೆಯನ್ನು ಕಂಡವರಿಗೆ ಈ ಶಂಕೆ ಮೂಡುವುದು ಸಹಜ, ಅದನ್ನು ಹಗುರವಾಗಿ ತಳ್ಳಿಹಾಕಲೂ ಆಗದು. ಒಂದೇ ಮಾದರಿಯ ನೂರು ಫಲಕಗಳನ್ನು ಯಂತ್ರ ಅಗ್ಗವಾಗಿ ಕೊರೆದಾಗ ಕುಶಲಕರ್ಮಿಯ ಅನ್ನಕ್ಕೆ ಸಂಚಕಾರ ಬರುವುದು ನಿಜ. ಆದರೆ ಯಂತ್ರದ ಮಿತಿಯನ್ನು ಅದನ್ನು ಕಟ್ಟಿದವನಷ್ಟು ಚೆನ್ನಾಗಿ ಬೇರಾರೂ ಅರಿಯರು. ಸುತ್ತುವ ಅಲಗು ಒಳಮೂಲೆಯನ್ನು ಚೂಪಾಗಿ ಕೊರೆಯಲಾರದು, ಅದನ್ನು ಉಳಿಯಿಂದಲೇ ಬಿಡಿಸಬೇಕು. ಮರದ ಎಳೆ ಯಾವ ಕಡೆಗಿದೆ, ಗಂಟು ಎಲ್ಲಿದೆ ಎಂಬುದು ಯಂತ್ರಕ್ಕೆ ಕಾಣದು. ಇಂತಹ ಅಗ್ಗದ ಯಂತ್ರದ ಮೋಟಾರು ಹೆಜ್ಜೆ ತಪ್ಪಿದರೂ ಅದಕ್ಕೆ ಅರಿವಾಗದೆ ತಪ್ಪು ದಾರಿಯಲ್ಲೇ ಸಾಗುತ್ತದೆ. ಆದುದರಿಂದ ಈ ಕಾರ್ಯದಲ್ಲಿ ವಿಜ್ಞಾನ ಶಿಕ್ಷಕರೊಡನೆ ಊರಿನ ಬಡಗಿಯೂ ಗುರುವಾಗಿ ನಿಲ್ಲಬೇಕು. ಮೂಲೆಮಟ್ಟ ಹಿಡಿಯುವ ಕೈಗೂ ಸೀಮೆಸುಣ್ಣ ಹಿಡಿಯುವ ಕೈಗೂ ಸಮಾನ ಗೌರವ ಸಲ್ಲಿಸುವುದೇ ಕಾಯಕತತ್ತ್ವ. ಅದನ್ನು ಬೋಧಿಸುವ ಮಠದ ಶಾಲೆಯಲ್ಲಿ ಬಡಗಿಗೆ ಕುರ್ಚಿಯಿಲ್ಲದಿದ್ದರೆ ಆ ಬೋಧನೆ ಬಾಯಿಮಾತಾಗುತ್ತದೆ.

ಎಚ್ಚರಿಕೆಯ ವಿಷಯದಲ್ಲಿ ಮಾತ್ರ ಮಿತವ್ಯಯ ಸಲ್ಲದು. ಕಣ್ಣಿಗೆ ರಕ್ಷಣೆಯ ಕನ್ನಡಕ, ಮರದ ಸೂಕ್ಷ್ಮ ಧೂಳಿಗೆ ಮುಖಕವಚ, ಕೈಗೆಟಕುವಲ್ಲಿ ತುರ್ತು ನಿಲುಗಡೆಯ ಗುಂಡಿ, ಅಲಗು ತಿರುಗುವಾಗ ಹಿರಿಯರೊಬ್ಬರ ಉಪಸ್ಥಿತಿ ಕಡ್ಡಾಯವಾಗಿರಬೇಕು.

ಹೀಗಿರಲು ದಾನಿಗಳು ಸಿದ್ಧ ಯಂತ್ರದ ಬದಲು ಬಿಡಿಭಾಗಗಳಿಗೂ, ಹಾಳಾಗಲಿರುವ ಹಲಗೆಗಳಿಗೂ, ಬಡಗಿಯ ದಿನಗೂಲಿಗೂ ನೆರವಾಗುವುದು ಲೇಸು. ಕಾರ್ಖಾನೆಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ಭಾನುವಾರಗಳನ್ನು ನೀಡಿದರೆ ಅದು ಹಣಕ್ಕಿಂತ ಹಿರಿದಾದ ದಾನ. ಶಿಕ್ಷಕರು ಈ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಜಾಗ ಮಾಡಿಕೊಡಬೇಕು. ಇಂತಹ ದಾನಕ್ಕೆ ಹೆಸರು ಕೆತ್ತಿಸುವ ಅಮೃತಶಿಲೆಯ ಫಲಕ ದೊರೆಯದಿರಬಹುದು. ಆದರೆ ಮಕ್ಕಳು ತಾವೇ ಕಟ್ಟಿದ ಯಂತ್ರದಿಂದ ಕೊರೆದ ಮೊದಲ ಹಲಗೆ, ಅದು ಎಷ್ಟೇ ಅಂಕುಡೊಂಕಾಗಿರಲಿ, ಶಾಲೆಯ ಗೋಡೆಗೆ ಅದಕ್ಕಿಂತ ಹೆಚ್ಚಿನ ಶೋಭೆಯನ್ನು ತರುತ್ತದೆ.