ಒಂದೇ ನೀರು, ಬೇರೆ ಬೇರೆ ಮೊಣಕಾಲು

ನಮ್ಮ ಅಪಾರ್ಟ್‌ಮೆಂಟಿಗೆ ಹೊಸ ವಾಚ್‌ಮನ್ ಬಂದಿದ್ದಾರೆ. ವಯಸ್ಸು ಐವತ್ತೈದರ ಆಸುಪಾಸು. ನಡೆಯುವಾಗ ಎರಡೂ ಮೊಣಕಾಲು ಒಂದಕ್ಕೊಂದು ಉಜ್ಜುತ್ತವೆ, ಪಾದಗಳು ಮಾತ್ರ ದೂರ ದೂರ. ಬಂದ ಎರಡನೇ ದಿನ ಗೇಟಿನ ಹತ್ತಿರ ಏನೋ ಮಾತಾಡುತ್ತ ನಾನು ನಕ್ಕೆ. ಅವರು ನನ್ನ ಬಾಯನ್ನೇ ನೋಡಿ, “ಮೀದಿ ಕೂಡಾ ನಲ್ಗೊಂಡೇನಾ ಸಾರ್?” ಅಂದರು. ನಿಮ್ಮದೂ ನಲ್ಗೊಂಡವೇ ಎಂದು.

ಹದಿನಾಲ್ಕು ವರ್ಷದಿಂದ ಹೈದರಾಬಾದಿನಲ್ಲಿದ್ದೇನೆ. ನನ್ನ ಹಲ್ಲಿನ ಕಂದು ಪಟ್ಟೆ ನೋಡಿ ಗುಟ್ಕಾ ಅಂದುಕೊಂಡವರಿದ್ದಾರೆ, ಟೂತ್‌ಪೇಸ್ಟ್ ಬದಲಿಸಲು ಹೇಳಿದವರಿದ್ದಾರೆ. ಹಲ್ಲು ನೋಡಿ ಊರು ಕೇಳಿದವರು ಇವರೊಬ್ಬರೇ. ನನ್ನದು ನಲ್ಗೊಂಡವಲ್ಲ, ಗದಗ ಜಿಲ್ಲೆಯ ಮುಂಡರಗಿ ಕಡೆ. ಆದರೆ ಕುಡಿದದ್ದು ಅಂಥದೇ ನೀರು, ಫ್ಲೋರೈಡ್ ತುಂಬಿದ್ದು. ಎಳೆ ವಯಸ್ಸಿನಲ್ಲಿ ಹಲ್ಲಿನ ಎನಾಮಲ್ ಕಟ್ಟುವಾಗಲೇ ಆ ಕಲೆ ಒಳಗೆ ಕೂತುಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಹಾಗಾದರೆ ನನಗೆ ಹಲ್ಲಿಗೇ ನಿಂತದ್ದು ಅವರಿಗೆ ಮೊಣಕಾಲಿಗೆ ಯಾಕೆ ಇಳಿಯಿತು? ಒಂದು ವಾರ ಈ ಪ್ರಶ್ನೆ ತಲೆಯಲ್ಲಿ ಕೊರೆಯಿತು. ಹುಡುಕುತ್ತ ಹೋದರೆ ಉತ್ತರದ ದೊಡ್ಡ ಭಾಗ ಇದೇ ಊರಿನಲ್ಲಿತ್ತು, ತಾರ್ನಾಕಾದ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯಲ್ಲಿ. ಆ ಕಾಂಪೌಂಡಿನ ಮುಂದೆ ನೂರಾರು ಸಲ ಹಾದುಹೋಗಿದ್ದೇನೆ.

ನೀರಿನ ಫ್ಲೋರೈಡಿನಿಂದ ಬೆನ್ನು ಸೆಟೆಯುತ್ತದೆ ಎಂಬುದು ನಮ್ಮ ದೇಶದಲ್ಲಿ 1937ರಲ್ಲೇ ದಾಖಲಾಗಿತ್ತು, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅದು ಹತ್ತಾರು ವರ್ಷ ಆ ನೀರು ಕುಡಿದ ದೊಡ್ಡವರ ರೋಗ. ಆದರೆ 1973ರಲ್ಲಿ ಈ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದದ್ದು ಬೇರೆಯೇ ಚಿತ್ರ. ಬೆಳೆಯುವ ವಯಸ್ಸಿನ ಮಕ್ಕಳ ಮೊಣಕಾಲು ಒಳಕ್ಕೆ ಬಾಗುತ್ತಿತ್ತು. ಎಕ್ಸ್‌ರೇಯಲ್ಲಿ ಬೆನ್ನೆಲುಬು ಅತಿಯಾಗಿ ಗಟ್ಟಿ, ಕೈಕಾಲಿನ ಮೂಳೆ ಟೊಳ್ಳು. ಒಂದೇ ಮೈಯಲ್ಲಿ ಎರಡೂ!

ಫ್ಲೋರೈಡ್ ಹೊಸದಲ್ಲ, ಹಾಗಾದರೆ ಹೊಸದೇನು? ನಾಗಾರ್ಜುನ ಸಾಗರ. 1967ರಲ್ಲಿ ಕಾಲುವೆಗೆ ನೀರು ಬಿಟ್ಟರು. ಸುತ್ತಲಿನ ಅಂತರ್ಜಲ ಮೇಲೆ ಬಂತು, ಮಣ್ಣಿನ ಕ್ಷಾರ ಹೆಚ್ಚಿತು. ಕ್ಷಾರದ ಮಣ್ಣಿನಲ್ಲಿ ಬೆಳೆ ಮಾಲಿಬ್ಡಿನಮ್ ಎಂಬ ಲೋಹವನ್ನು ಹೆಚ್ಚು ಹೀರುತ್ತದೆ, ತಾಮ್ರವನ್ನು ಕಡಿಮೆ. ಅಲ್ಲಿಯ ಬಡವರ ಊಟ ಜೋಳ. ಅದೇ ಸಂಸ್ಥೆಯ ದೇವಸ್ಥಳೆ ಮತ್ತು ಗೋಪಾಲನ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಾಲಿಬ್ಡಿನಮ್ ಹೆಚ್ಚಿದ್ದ ಜೋಳ ಉಂಡವರ ಮೂತ್ರದಲ್ಲಿ ತಾಮ್ರ ಹೋಗುವುದು ಸುಮಾರು ಮೂರು ಪಟ್ಟಾಯಿತು. ಮೂಳೆಯೊಳಗಿನ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ತಾಮ್ರ ಬೇಕೇಬೇಕು. ಅಂದರೆ ಅಣೆಕಟ್ಟಿನಿಂದ ಮಣ್ಣು, ಮಣ್ಣಿನಿಂದ ರೊಟ್ಟಿ, ರೊಟ್ಟಿಯಿಂದ ಹುಡುಗನ ಮೊಣಕಾಲು. ಕೋಡ್ ಬರೆಯುವ ನಮ್ಮಂಥವರು ಬಗ್ ಹುಡುಕಿದೆವೆಂದು ಬೀಗುತ್ತೇವೆ, ಇದನ್ನು ಓದಿ ನಾನಂತೂ ತೆಪ್ಪಗಾದೆ.

(ಜೋಳದ ರೊಟ್ಟಿ ತಿಂದು ಬೆಳೆದವನಾಗಿ ಒಂದು ಮಾತು ಹೇಳಲೇಬೇಕು: ತಪ್ಪು ಜೋಳದ್ದಲ್ಲ, ಅದು ಬೆಳೆದ ಮಣ್ಣಿನದು.)

ಇದು ಒಂದು ವಿವರಣೆ, ಪೂರ್ತಿ ಕಥೆಯಲ್ಲ. ಮುಂದೆ ಹೆಚ್ಚು ತೂಕ ಬಂದದ್ದು ಕ್ಯಾಲ್ಸಿಯಂ ಕೊರತೆಗೆ. ಮೀರತ್‌ನ ತೇವತಿಯಾ ದಂಪತಿ ವರ್ಷಗಟ್ಟಲೆ ಫ್ಲೋರೈಡ್ ಊರುಗಳ ಮಕ್ಕಳನ್ನು ನೋಡಿ ಹೇಳಿದ್ದು ಇದನ್ನೇ. ಊಟದಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದ ಮಕ್ಕಳಿಗಿಂತ ಇಲ್ಲದ ಮಕ್ಕಳ ಮೂಳೆಗಳನ್ನು ಫ್ಲೋರೈಡ್ ಹೆಚ್ಚು ಕೆಡಿಸುತ್ತದೆ. ರಕ್ತಕ್ಕೆ ಕ್ಯಾಲ್ಸಿಯಂ ಸಾಲದೆ ಹೋದರೆ ಪ್ಯಾರಾಥೈರಾಯ್ಡ್ ಗ್ರಂಥಿ ಅದನ್ನು ಮೂಳೆಯಿಂದಲೇ ಕಿತ್ತುಕೊಡುತ್ತದೆ. ಬೆಳೆಯುವ ಮಗುವಿನ ಮೂಳೆ ಮೆತ್ತಗಾಗಿ ಮೈಭಾರಕ್ಕೆ ಬಾಗುತ್ತದೆ.

ಇಷ್ಟು ಓದಿದ ಮೇಲೆ ಒಂದು ಸಂಜೆ ವಾಚ್‌ಮನ್ ಹತ್ತಿರ ಕೂತು, ಚಿಕ್ಕವರಿದ್ದಾಗ ಏನು ಉಣ್ಣುತ್ತಿದ್ದಿರಿ ಎಂದು ಕೇಳಿದೆ. ಅವರಪ್ಪ ದೊಡ್ಡವರೊಬ್ಬರ ಮನೆಯಲ್ಲಿ ಜೀತಕ್ಕಿದ್ದರಂತೆ. ಜೊನ್ನ ರೊಟ್ಟಿ, ಖಾರ. ಹಾಲು? ನಕ್ಕರು. ಆ ಮನೆಯವರು ಮಜ್ಜಿಗೆ ಕೊಟ್ಟ ದಿನ ಮಜ್ಜಿಗೆ, ಅಷ್ಟೇ. ನಮ್ಮ ಮನೆಯಲ್ಲಿ ಎರಡು ಎಮ್ಮೆ ಇದ್ದವು. ಮೊಸರಿಲ್ಲದೆ ಊಟ ಮುಗಿಸಿದ ದಿನ ನನಗೆ ನೆನಪಿಲ್ಲ. ನಮ್ಮವ್ವ ಮಿಕ್ಕ ಮಜ್ಜಿಗೆಯನ್ನು ಹಿತ್ತಲ ಬಾಗಿಲಿಗೆ ಬಂದವರಿಗೆ ಹೊಯ್ಯುತ್ತಿದ್ದಳು. ಎತ್ತರದಿಂದ, ಅವರ ಪಾತ್ರೆಗೆ ತಾಗದ ಹಾಗೆ. ನಮ್ಮ ಹೊಲದ ಆಳುಗಳ ಮನೆಯಲ್ಲಿ ಯಾರಾದರೂ ಇವರ ಹಾಗೆ ನಡೆಯುತ್ತಿದ್ದರೇ ಎಂದು ನೆನಪಿಸಿಕೊಳ್ಳಲು ನೋಡಿದೆ. ಒಬ್ಬ ಹುಡುಗನಿದ್ದ. ನಾವೆಲ್ಲ ಅವನಿಗೊಂದು ಅಡ್ಡಹೆಸರು ಇಟ್ಟಿದ್ದೆವು. ಅದನ್ನು ಇಲ್ಲಿ ಬರೆಯಲಾರೆ.

ನಮ್ಮನೆಯಲ್ಲೀಗ ಈ ವಿಷಯ ಜಗಳಕ್ಕೆ ತಿರುಗಿದೆ. ಹೆಂಡತಿ ಹಾಸನದವಳು. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, ಜೋಳದಲ್ಲಿ 28 ಎಂಬ ಲೆಕ್ಕ ನಾನೇ ಓದಿ ಹೇಳಿದ್ದು ತಪ್ಪಾಯಿತು. ವಾರಕ್ಕೆ ನಾಲ್ಕು ದಿನ ಮುದ್ದೆ. ಹುಳಿಗೆ ಮಾತ್ರ ಇಬ್ಬರದೂ ಒಪ್ಪಿಗೆ. ಇದೇ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲಾ ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆ ಕೊಟ್ಟಾಗ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಯಿತು. ಹಾಗಂತ ಹುಣಸೆ ಬಾಗಿದ ಕಾಲನ್ನು ನೆಟ್ಟಗೆ ಮಾಡುವುದಿಲ್ಲ. ಈ ಸಾಲನ್ನು ಕತ್ತರಿಸಿ ವಾಟ್ಸಾಪಿನಲ್ಲಿ ಹರಿಬಿಡಬೇಡಿ.

ಇನ್ನೊಂದು. ಮನೆಯಲ್ಲಿ ಟಿಡಿಎಸ್ ಮೀಟರು ಅದ್ದಿ ನೋಡಿ ಸಮಾಧಾನಪಡುವವರು ನಮ್ಮಲ್ಲಿ ಬಹಳ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ಹೇಳುತ್ತದೆ, ಫ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕೆ ಲ್ಯಾಬಿನಲ್ಲಿ ಬೇರೆ ಪರೀಕ್ಷೆ ಮಾಡಿಸಬೇಕು. ಆರ್‌ಓ ಫ್ಲೋರೈಡನ್ನು ತೆಗೆಯುತ್ತದೆ ನಿಜ, ಜೊತೆಗೆ ಕ್ಯಾಲ್ಸಿಯಂ ಕೂಡ ಹೋಗುತ್ತದೆ.

ನಮ್ಮೂರಲ್ಲೂ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕೊಡುವ ಶುದ್ಧ ನೀರಿನ ಘಟಕವಿದೆ. ಮಷೀನು ಕೆಟ್ಟು ಐದು ತಿಂಗಳಾಯಿತು. “ಬೋರಿನ ನೀರು ಕುಡದ ನಾ ಎಪ್ಪತ್ತ ವರ್ಷ ಆಗೇನಿ, ಏನ್ ಆಗೂದಿಲ್ಲ ಬಿಡಪಾ” ಎಂದು ಅವ್ವ ಫೋನಿನಲ್ಲಿ ಹೇಳುತ್ತಾಳೆ. ಸೊಂಟ ಬಗ್ಗಿಸಲಾಗದೆ ಕಸ ಗುಡಿಸುವುದನ್ನು ಬಿಟ್ಟು ಎರಡು ವರ್ಷವಾಗಿದೆ. ವಯಸ್ಸೋ ನೀರೋ, ಎಕ್ಸ್‌ರೇ ತೆಗೆಸಲು ಒಪ್ಪುತ್ತಿಲ್ಲ. ಈ ಸಲ ಬೇಸಿಗೆ ರಜೆಗೆ ಹೋಗುವಾಗ ಕಾರಿನ ಡಿಕ್ಕಿಯಲ್ಲಿ ನೀರಿನ ಕ್ಯಾನುಗಳಿರುತ್ತವೆ. ಅವ್ವನಿಗೆ ಅವಮಾನವಾಗುತ್ತದೆ ಎಂದು ಗೊತ್ತು.

ಮಗಳಿಗೆ ಏಳು ತುಂಬುತ್ತಿದೆ, ಮುಂದಿನ ಎರಡು ಹಲ್ಲು ಹೊಸದಾಗಿ ಬಂದಿವೆ. ಮೊನ್ನೆ ಸ್ಕೂಲ್ ಬಸ್ಸಿಗೆ ಕಾಯುವಾಗ ವಾಚ್‌ಮನ್ ಅವಳ ಮುಂದೆ ಬಗ್ಗಿ ಬಾಯಿ ತೆರೆಯಲು ಹೇಳಿದರು. ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿ, “ತೆಲ್ಲಗಾ ಉನ್ನಾಯಿ ಸಾರ್,” ಬೆಳ್ಳಗಿವೆ ಎಂದರು.