ಮಡಿಲು ಸಾಲದು

ಬೇಸಗೆಯ ರಜೆ ಸಮೀಪಿಸುತ್ತಲೇ ಟಿ. ನಗರದ ನಮ್ಮ ಹೋಟೆಲುಗಳಲ್ಲಿ ಅಡಿಗೆಮನೆಯಿಂದ ಗಲ್ಲಾದವರೆಗೆ ‘ಊರಿಗೆ ಯಾವಾಗ?’ ಎಂಬ ಒಂದೇ ಮಾತು. ಹಿಂದೆ ಈ ಪ್ರಶ್ನೆಗೆ ರೈಲಿನ ಹೆಸರೇ ಉತ್ತರವಾಗಿರುತ್ತಿತ್ತು. ಈಗ ಅನೇಕರು ಕಾರಿನ ಮಾತನ್ನಾಡುತ್ತಾರೆ. ಸ್ವಂತದ್ದೋ, ಧಣಿಗಳದ್ದೋ, ಎರಡು ಸಂಸಾರಗಳು ಕೂಡಿ ಬಾಡಿಗೆಗೆ ಹಿಡಿದದ್ದೋ, ಅಂತೂ ಕಾರು. ಕೆಥೀಡ್ರಲ್ ರಸ್ತೆಯಲ್ಲಿ 1962ರಿಂದ 2008ರವರೆಗೆ ನಡೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕಾರಿನೊಳಗಿನವರ ಬಳಿಗೆ ತಿಂಡಿಯ ತಟ್ಟೆ ಹೊತ್ತವರ ಮಕ್ಕಳು ಇಂದು ತಾವೇ ಕಾರೇರಿ ಊರಿಗೆ ಹೊರಟರೆ ಹರ್ಷಪಡದವರು ಯಾರು? ಆದರೆ ಆ ಕಾರಿನಲ್ಲಿ ವರ್ಷದ ಕೂಸು ಎಲ್ಲಿದೆಯೆಂದು ಇಣುಕಿ ನೋಡಿದಾಗ ನಮ್ಮ ಹರ್ಷ ಕುಗ್ಗುತ್ತದೆ. ಅದು ತಾಯಿಯ ಮಡಿಲಿನಲ್ಲಿರುತ್ತದೆ. ಹಲವು ವೇಳೆ ಮುಂದಿನ ಸೀಟಿನಲ್ಲಿಯೇ.

ಮಡಿಲಿಗಿಂತ ಕ್ಷೇಮವಾದ ತಾವುಂಟೇ ಎಂದು ಹಿರಿಯರು ಕೇಳುವುದುಂಟು. ಮನೆಯೊಳಗೆ ಇಲ್ಲ, ನಿಜ. ಓಡುವ ಕಾರಿನ ಲೆಕ್ಕವೇ ಬೇರೆ. ಗಂಟೆಗೆ 50 ಕಿಲೋಮೀಟರು ವೇಗದ ಕಾರು ಯಾವುದಕ್ಕೋ ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತಿತೆನ್ನಿ. 10 ಕಿಲೋ ತೂಕದ ಮಗುವನ್ನು ಆ ಕ್ಷಣದಲ್ಲಿ ಹಿಡಿದುಕೊಳ್ಳಲು ಸುಮಾರು 200 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. 25 ಕಿಲೋ ಅಕ್ಕಿಯ ಎಂಟು ಮೂಟೆಗಳು! ಉಗ್ರಾಣದಲ್ಲಿ ಮೂಟೆ ಹೊತ್ತ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿ ಬೆಲ್ಟು ಕಟ್ಟಿಕೊಂಡಿರದಿದ್ದರೆ ಆಕೆಯ ದೇಹದ ಭಾರವೂ ಮಗುವಿನ ಮೇಲೆಯೇ ಬೀಳುತ್ತದೆ. ಒಂದೇ ಬೆಲ್ಟನ್ನು ತಾಯಿ ಮಗು ಇಬ್ಬರಿಗೂ ಸುತ್ತಿದರೂ ಅದೇ ಗತಿ.

ಹಾಗಾದರೆ ಮಕ್ಕಳ ಸೀಟೊಂದನ್ನು ಕೊಂಡರಾಯಿತಲ್ಲ ಎನ್ನುವಿರಿ. ಅಷ್ಟಕ್ಕೇ ಆಗುವುದಿಲ್ಲ. ಈಚೆಗೆ ನಮ್ಮ ಪರಿಚಯದ ಗುಮಾಸ್ತರೊಬ್ಬರು, ಕುಂದಾಪುರದ ಕಡೆಯವರು, ಹಳೆಯ ಕಾರೊಂದನ್ನು ಕೊಂಡು, ಒಂಬತ್ತು ತಿಂಗಳ ಮಗಳಿಗೆಂದು ಬೆಲೆಬಾಳುವ ಸೀಟನ್ನೂ ತಂದರು. ಭಾನುವಾರ ಬೆಳಿಗ್ಗೆ ‘ಧಣಿಗಳೇ, ಬೆಲ್ಟು ಎಟಕುವುದಿಲ್ಲ’ ಎಂದು ನಮ್ಮನ್ನು ಕರೆದರು. ಹೋಗಿ ನೋಡಿದೆವು. ಕಾರಿನ ಬೆಲ್ಟು ಆ ಸೀಟಿನ ಬೆನ್ನನ್ನು ಬಳಸಿ ಬರಬೇಕು. ನಾಲ್ಕು ಬೆರಳಷ್ಟು ಸಾಲದು. ಪೆಟ್ಟಿಗೆ ಒಡೆದ ಸಾಮಾನನ್ನು ಅಂಗಡಿಯವರು ಹಿಂದಕ್ಕೆ ಪಡೆಯಲೊಲ್ಲರು. ‘ಮುಂದಿನ ಸೀಟಿನಲ್ಲಿ ಸಾಲುತ್ತದೆ, ಅಲ್ಲಿಯೇ ಕಟ್ಟಿಬಿಡುತ್ತೇನೆ’ ಎಂದರು. ನಾವು ತಡೆದೆವು. ಆ ಕಾರಿನ ಮುಂಭಾಗದಲ್ಲಿ ಏರ್ ಬ್ಯಾಗ್ ಇತ್ತು. ಹಿಮ್ಮುಖವಾಗಿ ಕೂರಿಸಿದ ಶಿಶುವಿನ ಸೀಟನ್ನು ಅದರೆದುರು ಇಡಲೇಬಾರದು. ಡಿಕ್ಕಿಯ ಸಮಯದಲ್ಲಿ ಅದು ಸಿಡಿದು ಉಬ್ಬುವ ಪೆಟ್ಟು ನೇರವಾಗಿ ಸೀಟಿನ ಬೆನ್ನಿಗೆ, ಅಲ್ಲಿಂದ ಮಗುವಿನ ತಲೆಗೆ ತಗಲುತ್ತದೆ. ಮಕ್ಕಳ ಜಾಗ ಹಿಂದಿನ ಸೀಟೇ.

ಆದುದರಿಂದ ನಾವು ಹೇಳುವುದಿಷ್ಟೆ: ಹಣ ಎಣಿಸುವ ಮುನ್ನ ಸೀಟನ್ನು ನಿಮ್ಮ ಕಾರಿನಲ್ಲಿಯೇ ಬಿಗಿದು ನೋಡಿರಿ. ಉಸ್ಮಾನ್ ರಸ್ತೆಯ ಸುತ್ತಮುತ್ತ ಕಾರು ನಿಲ್ಲಿಸಲು ಜಾಗ ಹುಡುಕುವುದೇ ಒಂದು ತಪಸ್ಸು. ಆದರೂ ಕಾರನ್ನು ಕೊಂಡೊಯ್ಯಿರಿ. ಬಿಗಿದ ಮೇಲೆ, ಬೆಲ್ಟು ಹಾದುಹೋಗುವ ಕಡೆ ಸೀಟನ್ನು ಹಿಡಿದು ಅಲುಗಿಸಿರಿ. ಒಂದಂಗುಲಕ್ಕಿಂತ ಹೆಚ್ಚು ಸರಿದರೆ ಆ ಸೀಟು ನಿಮ್ಮ ಕಾರಿನದಲ್ಲ. ಕಾರಿನ ಸೀಟು ಬಹಳ ಇಳಿಜಾರಾಗಿದ್ದಲ್ಲಿ ಹಿಮ್ಮುಖದ ಶಿಶು ನೆಟ್ಟಗಾಗಿ, ಗದ್ದ ಎದೆಗೆ ಬಿದ್ದು ಉಸಿರಿಗೆ ತೊಡಕಾಗುತ್ತದೆ. ಓರೆ ಸರಿಯಾಗಿದೆಯೇ ನೋಡಬೇಕು. ನಡುವಿನ ಜಾಗದಲ್ಲಿ ಸೊಂಟದ ಬೆಲ್ಟು ಮಾತ್ರವಿರುವ ಕಾರುಗಳುಂಟು. ಹೆಚ್ಚಿನ ಸೀಟುಗಳಿಗೆ ಅದು ಆಗದು. ಹೆಗಲನ್ನೂ ಹಾಯುವ ಬೆಲ್ಟು ಬೇಕು. ಹೊಸ ಕಾರುಗಳಲ್ಲಿ ಹಿಂದಿನ ಸೀಟಿನ ಬೆನ್ನು ಬುಡ ಕೂಡುವೆಡೆ ಎರಡು ಕಬ್ಬಿಣದ ಕೊಂಡಿಗಳಿರುತ್ತವೆ. ಇದಕ್ಕೆ ಐಸೋಫಿಕ್ಸ್ ಎನ್ನುತ್ತಾರೆ. ಅವುಗಳಿಗೆ ಸಿಕ್ಕಿಸುವ ಸೀಟಿನಲ್ಲಿ ಕಟ್ಟುವ ತಪ್ಪು ಕಡಿಮೆ. ಕೈ ಹಾಕಿ ತಡವಿ ನೋಡಿರಿ; ಇಲ್ಲದಿದ್ದರೆ ಆ ಬಗೆಗೆ ಹಣ ಸುರಿಯಬೇಡಿರಿ.

ಕಾರಿಗೆ ಹೊಂದಿದರೆ ಸಾಲದು, ಮಗುವಿಗೂ ಹೊಂದಬೇಕು. ತೂಕದ ಲೆಕ್ಕದ ಸೀಟುಗಳಲ್ಲಿ 13 ಕಿಲೋವರೆಗಿನದು ಹಿಮ್ಮುಖ, 9ರಿಂದ 18 ಕಿಲೋ ಒಂದು ವರ್ಗ, 15ರಿಂದ 36 ಇನ್ನೊಂದು. ಎತ್ತರದ ಲೆಕ್ಕದ ಹೊಸ ಕ್ರಮದಲ್ಲಿ 15 ತಿಂಗಳು ಕಳೆಯುವ ತನಕ ಹಿಮ್ಮುಖವೇ ಕಡ್ಡಾಯ. ಎಳೆಯ ಮಗುವಿನ ತಲೆ ಭಾರ, ಕತ್ತು ದುರ್ಬಲ. ಹಿಂದಕ್ಕೆ ಮುಖ ಮಾಡಿದ್ದರೆ ಡಿಕ್ಕಿಯ ರಭಸವನ್ನು ಸೀಟಿನ ಬೆನ್ನು ತಾಳಿಕೊಳ್ಳುತ್ತದೆ. ವೃತ್ತದೊಳಗೆ ‘ಇ’ ಎಂಬ ಇಂಗ್ಲಿಷ್ ಅಕ್ಷರವಿರುವ ಕಿತ್ತಳೆ ಬಣ್ಣದ ಚೀಟಿಯನ್ನು ಸೀಟಿನ ಮೇಲೆ ಹುಡುಕಿರಿ. ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೆ ಅದು ಗುರುತು. ಈ ಊರಿನ ಬಿಸಿಲಿನಲ್ಲಿ ನಿಂತ ಕಾರಿನ ಬಕಲ್ ದೋಸೆಕಲ್ಲಿನಂತೆ ಕಾದಿರುತ್ತದೆ. ಮಗುವನ್ನು ಕೂರಿಸುವ ಮೊದಲು ಮುಟ್ಟಿ ನೋಡುವುದನ್ನು ಮರೆಯಬಾರದು.

ಕಾನೂನೂ ಸುಮ್ಮನಿಲ್ಲ. 2019ರ ಸೆಪ್ಟೆಂಬರ್ 1ರಿಂದ, 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ಕಾರು ಓಡಿಸಿದರೆ 1,000 ರೂಪಾಯಿ ದಂಡ.

ಕಾರಿಲ್ಲದವರೇ ನಮ್ಮಲ್ಲಿ ಹೆಚ್ಚೆಂಬುದನ್ನು ನಾವು ಮರೆತಿಲ್ಲ. ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿಕೊಂಡು ಪಾಂಡಿ ಬಜಾರಿನಲ್ಲಿ ಸಾಗುವ ತಂದೆಯರನ್ನು ನಿತ್ಯ ಕಾಣುತ್ತೇವೆ. 2023ರ ಫೆಬ್ರವರಿ 15ರಿಂದ, ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಅಂಗಿಯಂತೆ ತೊಡಿಸಿ ಸವಾರರ ಹೆಗಲಿಗೆ ಸೇರಿಸುವ ಪಟ್ಟಿ ಬೇಕು. ಒಂಬತ್ತು ತಿಂಗಳು ಮೀರಿದ ಮಗುವಿಗೆ ಅದರ ತಲೆಯ ಅಳತೆಯ ಹೆಲ್ಮೆಟ್ ಬೇಕು. ವೇಗ ಗಂಟೆಗೆ 40 ಕಿಲೋಮೀಟರು ಮೀರಬಾರದು. ನಾಲ್ಕು ವರ್ಷ ದಾಟಿದವರಿಗೂ ಹೆಲ್ಮೆಟ್ ತಪ್ಪದು. ಅಪ್ಪನಿಗೆ ಹೆಲ್ಮೆಟ್, ಮಗನಿಗೆ ಬರಿದಲೆ ಎಂಬ ನೋಟ ನಮಗೆ ಅರ್ಥವೇ ಆಗಿಲ್ಲ.

ಕೊನೆಯದಾಗಿ ಮಾಲೀಕರಲ್ಲಿ ಒಂದು ಬಿನ್ನಹ. ಸಪ್ಲೈಯರನೋ ಅಡಿಗೆಯವನೋ ವರ್ಷಕ್ಕೊಮ್ಮೆ ಊರಿಗೆ ಹೋಗಲೆಂದು ಸಾವಿರಾರು ರೂಪಾಯಿಯ ಸೀಟನ್ನು ಕೊಳ್ಳಬೇಕೆನ್ನುವುದು ನ್ಯಾಯವಲ್ಲ. ಶಿರಾಡಿ ಘಾಟಿ ಇಳಿದು ಉಡುಪಿ ಸೇರುವ ಸುಮಾರು 700 ಕಿಲೋಮೀಟರಿನ ದಾರಿಗೆ ಕಾರು ಕೊಡುವ ಧಣಿಗಳು ಸೀಟನ್ನೂ ಕೊಡಬಾರದೇಕೆ? ಐದಾರು ಹೋಟೆಲಿನವರು ಸೇರಿ ಬೇರೆ ಬೇರೆ ಅಳತೆಯ ನಾಲ್ಕು ಸೀಟುಗಳನ್ನು ಇಟ್ಟುಕೊಂಡರೆ ರಜೆಯ ಕಾಲಕ್ಕೆ ಸರದಿಯಂತೆ ಒದಗೀತು. ಅಪಘಾತ ಕಂಡ ಸೀಟನ್ನು ಮತ್ತೆ ಬಳಸಕೂಡದು. ಆದ್ದರಿಂದ ಸೀಟು ಯಾರಿಂದ ಯಾರಿಗೆ ಹೋಯಿತು, ಯಾವ ಸ್ಥಿತಿಯಲ್ಲಿ ಬಂತು ಎಂಬುದನ್ನು ಬರೆದಿಡಬೇಕಾಗುತ್ತದೆ. ಲೆಕ್ಕದ ಗುಮಾಸ್ತರಿಗೆ ಒಂದು ಪುಟ ಹೆಚ್ಚಾದೀತು, ಅಷ್ಟೆ.